ಚೂಡಾಮಣಿ ಮೇಡಂ ಓದದೆ ತಿದ್ದಿದ ವಾಕ್ಯ

ಚೂಡಾಮಣಿ ಮೇಡಂ ಅವರನ್ನು ನಾನು ಮೊದಲು ನೋಡಿದ್ದು ಎರಡು ಸಾವಿರದ ಹನ್ನೊಂದನೆಯ ಇಸವಿ ಮೇ ತಿಂಗಳಲ್ಲಿ, ಒಂದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ. ಬಾಡಿಗೆ ಮನೆ ಹುಡುಕಿಕೊಂಡು ಹೋಗಿದ್ದೆವು. ನಾನು, ನನ್ನ ಮಗ ಲಿಂಗರಾಜು, ಸೊಸೆ ಸುಚಿತ್ರಾ, ಅವಳ ಸೊಂಟದ ಮೇಲೆ ನಾಲ್ಕು ವರ್ಷದ ಮೊಮ್ಮಗಳು ಸೌಮ್ಯಶ್ರೀ. ಮಗನಿಗೆ ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ. ಬೆಳಗಿನ ಜಾವ ನಾಲ್ಕಕ್ಕೇ ಹೋಗಬೇಕು. ಉದಯಗಿರಿಯಿಂದ ದಿನಾ ಸೈಕಲ್ ತುಳಿದು ಸಾಕಾಗಿತ್ತು. ಅದಕ್ಕೇ ದೇವರಾಜ ಮೊಹಲ್ಲಾದಲ್ಲೇ ಮನೆ ನೋಡುತ್ತಿದ್ದೆವು. ಐದು ಕಡೆ ಕೇಳಿದ್ದೆವು. ಐದೂ ಕಡೆ ಮಗುವನ್ನು ನೋಡಿ ಇಲ್ಲ ಎಂದಿದ್ದರು.

ಮೇಡಂ ಬಾಗಿಲು ತೆಗೆದು ಮೊದಲು ಕೇಳಿದ ಮಾತೂ ಅದೇ. “ಮನೇಲಿ ಮಕ್ಕಳಿದ್ದಾರಾ?”

“ಇದೊಂದೇ ಅಮ್ಮಾವ್ರೆ. ಗಲಾಟೆ ಮಾಡಾಕಿಲ್ಲ” ಎಂದು ಸುಳ್ಳು ಹೇಳಿದೆ.

“ಗಲಾಟೆ ಮಾಡದ ಮಗು ಕಟ್ಟಿಕೊಂಡು ನಾನೇನು ಮಾಡಲಿ? ಮಕ್ಕಳಿಲ್ಲದೋರಿಗೆ ನಾನು ಮನೆ ಕೊಡೋದಿಲ್ಲ. ಸ್ಕೂಲಿಗೆ ಸೇರಿದ ದಿನದಿಂದ ಸಂಜೆ ಐದಕ್ಕೆ ನನ್ನ ಹತ್ತಿರ ಪಾಠಕ್ಕೆ ಕಳಿಸಬೇಕು. ಅದೇ ಕರಾರು. ಒಪ್ಪಿಗೆ ಇದ್ದರೆ ಒಳಗೆ ಬನ್ನಿ.”

ಮುಂದೆ ಅವರ ಮನೆ. ಹಿಂದೆ ಉದ್ದಕ್ಕೆ ಐದು ಹೆಂಚಿನ ಮನೆಗಳ ವಠಾರ. ಕೊನೆಯ ಮನೆ ನಮಗೆ ಸಿಕ್ಕಿತು. ಆ ಮನೆಯ ಪಡುವಣ ಗೋಡೆಯ ಕೆಳಗೆ ಹನ್ನೊಂದು ವರ್ಷದ ಮೇಲೆ ನನ್ನ ಮೊಮ್ಮಗಳು ಹೋದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೋಡೆ ಬೀಳುವ ಮೊದಲು ಅದರ ವಿಷಯ ಮೇಡಂ ಅವರಿಗೆ ಗೊತ್ತಿತ್ತೇ ಎಂದು ಬಹಳ ಜನ ಕೇಳಿದರು. ಕೆಲವರು ಗೊತ್ತಿತ್ತು ಅಂದರು, ಕೆಲವರು ಇಲ್ಲ ಅಂದರು. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮೇಡಂ ಅವರ ತಂದೆ ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮನೆಯನ್ನೂ ವಠಾರವನ್ನೂ ಕಟ್ಟಿಸಿದವರು ಅವರೇ. ಮೇಡಂ ಹುಡುಗಿಯರ ಹೈಸ್ಕೂಲೊಂದರಲ್ಲಿ ಮೂವತ್ತಮೂರು ವರ್ಷ ಇಂಗ್ಲಿಷ್ ಪಾಠ ಮಾಡಿ, ನಾವು ಬಂದ ವರ್ಷವೇ ರಿಟೈರಾಗಿದ್ದರು. ಮದುವೆಯಾಗಲಿಲ್ಲ. ಒಮ್ಮೆ ಯಾವುದೋ ಹುಡುಗಿ, “ಮಿಸ್, ನೀವ್ಯಾಕೆ ಮದುವೆ ಆಗಲಿಲ್ಲ?” ಎಂದು ಕೇಳಿಯೇಬಿಟ್ಟಳು. ಮೇಡಂ ಚಾಕ್‌ಪೀಸು ಕೆಳಗಿಡದೆ ಹೇಳಿದರು. “ಆವತ್ತು ಆಗಿದ್ದಿದ್ದರೆ ಇವತ್ತು ಯಾರದೋ ಮನೆ ಒಲೆ ಮೇಲೆ ಹಾಲು ಉಕ್ಕತ್ತೋ ಇಲ್ಲವೋ ನೋಡ್ತಾ ನಿಂತಿರ್ತಿದ್ದೆ. ನೀನು ಸ್ಪೆಲ್ಲಿಂಗ್ ಮಿಸ್ಟೇಕ್ ಮಾಡಿಕೊಂಡು ಆರಾಮಾಗಿರ್ತಿದ್ದೆ. ಬರಿ ಈಗ.”

ಬೆಳ್ಳಗಿನ ಹತ್ತಿ ಸೀರೆ, ಸಣ್ಣ ಅಂಚು. ತುರುಬಿನಲ್ಲಿ ಹೂವಿಗೆ ಬದಲು ಕೆಂಪು ಪೆನ್ನು. ನನಗಿಂತ ಒಂದು ವರ್ಷ ದೊಡ್ಡವರಾದರೂ ನನ್ನನ್ನು ಒಂದು ದಿನವೂ ಏಕವಚನದಲ್ಲಿ ಕರೆಯಲಿಲ್ಲ. ಮನೆಗೆ ಬಂದ ಎರಡನೆಯ ತಿಂಗಳಿಂದ ಅವರ ಪಾತ್ರೆ ತೊಳೆಯುವುದು, ಕಸ ಗುಡಿಸುವುದು ನನ್ನ ಕೆಲಸವಾಯಿತು. ಹಾಗಾಗಿ ಸಂಜೆಯ ಪಾಠವೆಲ್ಲ ನನ್ನ ಕಿವಿಗೂ ಬೀಳುತ್ತಿತ್ತು. ಮೂರನೆಯ ತರಗತಿ ಬಿಟ್ಟವಳು ನಾನು. ಇಂಗ್ಲಿಷು ಬಾರದು. ಆದರೆ ಮೇಡಂ ಯಾವ ಪಾಠವನ್ನೂ ಮೊದಲು ಕನ್ನಡದಲ್ಲಿ ಹೇಳಿಯೇ ಮುಂದಕ್ಕೆ ಹೋಗುತ್ತಿದ್ದರು.

ವಠಾರದ ಮಕ್ಕಳು, ಬೀದಿಯ ಮಕ್ಕಳು ಸೇರಿ ಮೂವತ್ತು ಮೂವತ್ತೈದು. ಯಾರಿಂದಲೂ ಫೀಸು ಇಲ್ಲ. ಸೌಮ್ಯ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೂ ಅವರ ಮುಂದೆ, ಮೊದಲ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂತಳು.

ಮೇಡಂಗೆ ಒಂದು ಕಟ್ಟುನಿಟ್ಟಿತ್ತು. ವ್ಯಾಕರಣದ ವಾಕ್ಯ ಬರೆಯುವಾಗ ಗೈಡಿನಿಂದ ಇಳಿಸಬಾರದು. “ಗೈಡಿನ ವಾಕ್ಯದಲ್ಲಿ ಯಾರೂ ವಾಸ ಮಾಡಲ್ಲ. ನಿಮ್ಮ ಮನೆಯಿಂದ ತನ್ನಿ. ನಿಮ್ಮಪ್ಪ, ನಿಮ್ಮಮ್ಮ, ನಿಮ್ಮ ನಲ್ಲಿ ನೀರು, ಅದರ ಮೇಲೆ ಬರೀರಿ” ಎನ್ನುತ್ತಿದ್ದರು. ಮಕ್ಕಳು ತರುತ್ತಿದ್ದರು. ಮೂವತ್ತು ಪುಸ್ತಕ, ಒಂದೊಂದರಲ್ಲಿ ಐದು ವಾಕ್ಯ. ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಚಾಪೆ ಹಾಸಿಕೊಂಡು ತಿದ್ದಲು ಕೂರುತ್ತಿದ್ದರು. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿಕೊಂಡ ಒಂದು ರಟ್ಟಿನ ಪಟ್ಟಿ ಇತ್ತು. ಅದನ್ನು ಸಾಲಿನ ಕೆಳಗಿಟ್ಟು ಸರಸರನೆ ಇಳಿಸುತ್ತಾ, ಅಲ್ಲೊಂದು ಇಲ್ಲೊಂದು ಪದಕ್ಕೆ ಪೆನ್ನು ತಗುಲಿಸುತ್ತಾ ಹೋಗುವರು. ಅರ್ಧ ಗಂಟೆಯಲ್ಲಿ ಮೂವತ್ತೂ ಮುಗಿಯುತ್ತಿತ್ತು.

“ಇಷ್ಟು ಬೇಗ ಎಂಗೆ ಓದ್ತೀರ ಅಮ್ಮಾವ್ರೆ? ನಾನು ಬಸ್ಸಿನ ಬೋರ್ಡು ಓದೋ ಹೊತ್ಗೆ ಬಸ್ಸೇ ಹೋಗ್ಬುಟ್ಟಿರ್ತದೆ” ಎಂದು ಒಂದು ದಿನ ಕೇಳಿದೆ.

ನಕ್ಕರು. “ಎಲ್ಲ ಓದ್ತಾ ಕೂತರೆ ಸಂಜೆ ಆಗಿಬಿಡತ್ತೆ ಮಾದೇವಮ್ಮ. ನಾನು ಕ್ರಿಯಾಪದ ಮಾತ್ರ ನೋಡೋದು. ಅದು ಸರಿಯಿದ್ದರೆ ಮಿಕ್ಕಿದ್ದೆಲ್ಲ ಸರಿಯಿರತ್ತೆ.”

ಕೊರೋನಾ ಬಂದ ವರ್ಷ ಪಕ್ಕದ ನಿವೇಶನದ ಹಳೆಯ ಕಟ್ಟಡವನ್ನು ಅದರ ಒಡೆಯರು ಕೆಡವಿದರು. ಅಲ್ಲಿಯವರೆಗೆ ನಮ್ಮ ಪಡುವಣ ಗೋಡೆ ಆ ಕಟ್ಟಡಕ್ಕೆ ಆತುಕೊಂಡಿತ್ತು. ಅದು ಹೋದ ಮೇಲೆ ಗಾರೆ ಕಾಣದ ಮಣ್ಣಿನ ಮೈ ಮಳೆಗೆ ಬಯಲಾಯಿತು. ಮೊದಲ ಮಳೆಗಾಲಕ್ಕೆ ಒಳಗಡೆ ಕೂದಲೆಳೆಯಂಥ ಬಿರುಕು. ಎರಡನೆಯ ಮಳೆಗಾಲಕ್ಕೆ ನನ್ನ ಕಿರುಬೆರಳು ಹೋಗುವಷ್ಟು. ಇಪ್ಪತ್ತೆರಡನೆಯ ಇಸವಿ ಸೆಪ್ಟೆಂಬರಿನಲ್ಲಿ ಹೆಬ್ಬೆರಳು ಹೋಯಿತು.

“ಅಜ್ಜೀ, ಗೋಡೆ ಹೊಟ್ಟೆ ಬಿಟ್ಟಿದೆ ನೋಡು” ಎಂದು ಮೊದಲು ಹೇಳಿದವಳು ಸೌಮ್ಯ. ಸ್ಕೂಲಿನ ಸ್ಕೇಲು ತಂದು ಹಿಡಿದು ತೋರಿಸಿದಳು. “ಮಿಸ್‌ಗೆ ಹೇಳ್ತೀನಿ.”

“ಬ್ಯಾಡ” ಎಂದೆ.

ಕಾರಣವಿತ್ತು. ಮೇಡಂ ಅವರ ಅಣ್ಣನ ಮಗ ಸುಂದರೇಶ ಎಂಬುವರು ತಿಂಗಳಿಗೊಮ್ಮೆ ಬರುತ್ತಿದ್ದರು. ನಾನು ಪಾತ್ರೆ ಉಜ್ಜುತ್ತಾ ಕೇಳಿಸಿಕೊಂಡ ಮಾತು ಇದು. “ಅತ್ತೆ, ಈ ವಠಾರ ಇನ್ನೆಷ್ಟು ದಿನ? ಒಂದು ಹೆಂಚು ಬಿದ್ದರೂ ಸಾಕು, ಅದೇ ನೆಪ ಮಾಡಿ ಎಲ್ಲರನ್ನೂ ಖಾಲಿ ಮಾಡಿಸೋಣ. ಕಾಂಪ್ಲೆಕ್ಸ್ ಕಟ್ಟೋರು ತುದಿಗಾಲಲ್ಲಿ ನಿಂತಿದ್ದಾರೆ.” ಮೇಡಂ ಅದಕ್ಕೆ, “ನಾನು ಇರೋವರೆಗೂ ಸುಮ್ಮನಿರಪ್ಪ” ಎಂದರು. ನನ್ನ ಕಿವಿಯಲ್ಲಿ ಉಳಿದದ್ದು ಮಾತ್ರ ಸುಂದರೇಶರ ಮಾತು. ಗೋಡೆ ಎಂದು ನಾವು ಬಾಯಿ ತೆರೆದರೆ ಮನೆ ಹೋಯಿತು, ಮೊಮ್ಮಗಳ ಪಾಠವೂ ಹೋಯಿತು ಎಂದುಕೊಂಡೆ. ಅವಳು ಹತ್ತನೆಯ ತರಗತಿ. ಮಾರ್ಚಿಗೆ ಪರೀಕ್ಷೆ. ಅದು ಮುಗಿಯುವವರೆಗೆ ಗೋಡೆ ನಿಂತಿರಲಿ, ಆಮೇಲೆ ನೋಡೋಣ ಎಂದು ಮಗನಿಗೂ ನಾನೇ ಹೇಳಿದೆ.

ಸೌಮ್ಯ ಬಿಡಲಿಲ್ಲ. “ನಾನು ಮಲಗೋದು ಅದರ ಪಕ್ಕದಲ್ಲೇ ಕಣಜ್ಜಿ. ರಾತ್ರಿ ಮಣ್ಣು ಉದುರೋದು ಕೇಳ್ಸುತ್ತೆ.”

ಅವಳ ಬಲಗೈ ಹಿಡಿದು ನನ್ನ ತಲೆಯ ಮೇಲೆ ಇಟ್ಟುಕೊಂಡೆ. “ಮೇಡಮ್ಮೋರ ತಾವ ಗೋಡೆ ವಿಸ್ಯ ಬಾಯಿ ಬುಡಲ್ಲ ಅಂತ ಆಣೆ ಮಾಡು.”

“ಬಾಯಿ ಬಿಡಲ್ಲ” ಎಂದಳು. ಅವಳ ಅಂಗೈ ತಣ್ಣಗಿತ್ತು.

ಅದೇ ವಾರ ಮೇಡಂ ಮಿಕ್ಸೆಡ್ ಕಂಡಿಷನಲ್ ಎಂಬ ಪಾಠ ತೆಗೆದರು. ಹೆಸರು ಕೇಳಿ ಸುಪ್ರೀತ್ ಎಂಬ ಹುಡುಗ, “ಮಿಸ್, ಖಾರಾ ಮಿಕ್ಸ್ಚರ್ ಥರಾನಾ?” ಎಂದ. ಹಜಾರವೆಲ್ಲ ನಕ್ಕಿತು.

“ಹೂಂ ಕಣಪ್ಪ, ಅದೇ ಥರ. ಹಳೇದೂ ಹೊಸದೂ ಸೇರಿಸಿ ಕಲಸೋದು” ಎಂದು ಮೇಡಂ ಹಲಗೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದರು. ಎಡಗಡೆ ‘ಆವತ್ತು’, ಬಲಗಡೆ ‘ಇವತ್ತು’ ಎಂದು ಬರೆದರು. “ಈ ವಾಕ್ಯಕ್ಕೆ ಒಂದು ಕಾಲು ನಿನ್ನೆಯಲ್ಲಿ, ಒಂದು ಕಾಲು ಇವತ್ತಿನಲ್ಲಿ. ಹೋದ ತಿಂಗಳು ಗಿಡಕ್ಕೆ ನೀರು ಹಾಕಿದ್ದಿದ್ದರೆ ಈಗ ಅದು ಹಸಿರಾಗಿರುತ್ತಿತ್ತು. ನೀರು ಹಾಕಲಿಲ್ಲ. ಅದು ಆವತ್ತಿಗೆ ಮುಗೀತು, ಇನ್ನು ತಿದ್ದೋಕಾಗಲ್ಲ. ಆದರೆ ಫಲ ಇವತ್ತೂ ಕಣ್ಣ ಮುಂದೆ ಇದೆ, ಗಿಡ ಒಣಗಿ ನಿಂತಿದೆ. ಎಲ್ಲರೂ ತಪ್ಪೋದು ಬಲಗಡೆ. ಆವತ್ತಿನ ಹ್ಯಾಡ್ ನೋಡಿದ ಗುಂಗಿನಲ್ಲಿ ಇವತ್ತಿನ ಕಡೆಗೂ ಹ್ಯಾವ್ ತಂದು ಇಟ್ಟುಬಿಡ್ತೀರಿ. ವುಡ್ ಸಾಕು. ಹ್ಯಾವ್ ಇಟ್ಟರೆ ಇವತ್ತೂ ನಿನ್ನೆ ಆಗಿಹೋಗತ್ತೆ.”

ಇನ್ನೊಂದು ಬಗೆಯನ್ನೂ ಹೇಳಿದರು. “ಗುಣ ಯಾವಾಗಲೂ ಇರೋದು, ಅದರ ಫಲ ನಿನ್ನೆ ಆಗಿಹೋದದ್ದು. ನಾನು ಮರೆಗುಳಿ ಅಲ್ಲದಿದ್ದರೆ ನಿನ್ನೆ ಬಸ್ಸಿನಲ್ಲಿ ಛತ್ರಿ ಬಿಟ್ಟು ಬರ್ತಿರಲಿಲ್ಲ. ಮರೆವು ಇವತ್ತಿಗೂ ಇದೆ. ಛತ್ರಿ ಹೋಗಿದ್ದು ನಿನ್ನೆ.” ಅಂದ ಮೇಲೆ ತಾವೇ, “ನಿಜವಾಗಿಯೂ ಬಿಟ್ಟು ಬಂದೆ ಕಣ್ರೋ, ಹೊಸ ಛತ್ರಿ” ಎಂದರು.

ಐದೈದು ವಾಕ್ಯ ಬರೆದು ತರಲು ಹೇಳಿದರು. ಸೌಮ್ಯ ಆ ದಿನ ಊಟವನ್ನೂ ಬಿಟ್ಟು ಬರೆದಳು. ಬರೆದದ್ದನ್ನು ಅಳಿಸಿ ಮತ್ತೆ ಬರೆದಳು. “ಅದೇನವ್ವ ಅಷ್ಟೊಂದು?” ಎಂದೆ. “ಹೋಂವರ್ಕ್ ಕಣಜ್ಜಿ” ಎಂದಳು.

ಎರಡು ದಿನ ಬಿಟ್ಟು ಮೇಡಂ ಆ ಪುಸ್ತಕಗಳನ್ನು ತಿದ್ದುವಾಗ ನಾನು ಹಜಾರ ಒರೆಸುತ್ತಿದ್ದೆ. ರಟ್ಟಿನ ಪಟ್ಟಿ ಇಳಿಯುತ್ತಿತ್ತು. ಸೌಮ್ಯಳ ಪುಸ್ತಕಕ್ಕೆ ನಾನೇ ಗುಲಾಬಿ ಬಣ್ಣದ ಕಾಗದದ ರಟ್ಟು ಹಾಕಿದ್ದೆ, ಹಾಗಾಗಿ ಗುರುತಾಯಿತು. ಒಂದು ಕಡೆ ಪೆನ್ನು ನಿಂತು ಒಂದು ಪದ ಹೊಡೆಯಿತು. ಪಕ್ಕದಲ್ಲಿ ಏನೋ ಬರೆದರು. ಪುಸ್ತಕ ರಾಶಿಗೆ ಸೇರಿತು. ದಸರಾ ರಜೆ ಕಳೆದ ಮೇಲೆ ಎಲ್ಲ ಒಟ್ಟಿಗೆ ಕೊಡುತ್ತೇನೆ ಎಂದು ರಾಶಿಯನ್ನು ಬೀರುವಿನ ಮೇಲಿಟ್ಟರು.

ನವರಾತ್ರಿಗೆ ಮೇಡಂ ಗೊಂಬೆ ಕೂರಿಸುವವರು. ಪಾಡ್ಯದ ಹಿಂದಿನ ದಿನ ವಠಾರದ ಒಂದೊಂದು ಮನೆಗೂ ತಾವೇ ಬಂದು ಕರೆಯುತ್ತಿದ್ದರು. ಉಳಿದಂತೆ ವರ್ಷವೆಲ್ಲ ಯಾರ ಮನೆಯೊಳಗೂ ಕಾಲಿಡುತ್ತಿರಲಿಲ್ಲ. ಬಾಡಿಗೆಗೆ ಕೊಟ್ಟ ಮನೆ ಅವರ ಮನೆ, ನಾನು ಇಣುಕಬಾರದು ಎನ್ನುವರು. ಅವರು ಬರುವ ದಿನ ನನಗೆ ಗೊತ್ತಿತ್ತು. ಬೆಳಿಗ್ಗೆಯೇ ಬಿರುಕಿಗೆ ಮೈದಾ ಅಂಟಿನಲ್ಲಿ ಪೇಪರು ಮೆತ್ತಿ, ಮೇಲೆ ಚಾಮುಂಡೇಶ್ವರಿಯ ದೊಡ್ಡ ಕ್ಯಾಲೆಂಡರು ನೇತುಹಾಕಿದೆ. ಉಬ್ಬಿದ ಕಡೆಗೆ ಹಾಸಿಗೆಯ ಸುರುಳಿ ಎತ್ತರಕ್ಕೆ ಒಟ್ಟಿದೆ.

ಮೇಡಂ ಬಂದರು. ಸೊಸೆಗೆ ಕುಂಕುಮ ಕೊಟ್ಟು, ನನಗೆ ಬಾಳೆಹಣ್ಣು ಸಕ್ಕರೆ ಕೊಟ್ಟು, ಹೊರಡುವಾಗ ಸೌಮ್ಯಳ ಕೆನ್ನೆ ತಟ್ಟಿದರು. “ಐದಕ್ಕೆ ಐದೂ ಚೆನ್ನಾಗಿ ಬರೆದಿದೀಯ ಕಣೆ. ಒಂದೇ ಕಡೆ ಹ್ಯಾವ್ ಸೇರಿಸಿದ್ದೆ.”

ಸೌಮ್ಯ ಅವರ ಮುಖವನ್ನೇ ನೋಡಿದಳು. “ಓದಿದ್ರಾ ಮಿಸ್?”

“ಇನ್ನೇನು, ಓದದೆ ತಿದ್ದುತ್ತೀನಾ?”

ಸೌಮ್ಯ ಕ್ಯಾಲೆಂಡರಿನ ಕಡೆ ನೋಡಿದಳು. ಮೇಡಂ ಕೂಡ ಅತ್ತ ತಿರುಗಿ, ದೇವಿಗೆ ಕೈ ಮುಗಿದು, ಪಕ್ಕದ ಮನೆಗೆ ನಡೆದರು. ಹುಡುಗಿ ಬಾಗಿಲಲ್ಲಿ ನಿಂತೇ ಇದ್ದಳು. ಆವತ್ತಿನಿಂದ ಗೋಡೆಯ ಮಾತು ಎತ್ತಲಿಲ್ಲ. ಅಂತೂ ಮರೆತಳಲ್ಲ ಎಂದು ನನಗೆ ನೆಮ್ಮದಿಯಾಯಿತು.

ದಸರಾ ಮುಗಿದು ಒಂಬತ್ತನೆಯ ದಿನ, ಶುಕ್ರವಾರ. ಮೂರು ದಿನದಿಂದ ಮಳೆ ಹಿಡಿದಿತ್ತು. ಬೆಳಿಗ್ಗೆ ಆರೂಕಾಲಿಗೆ ನಾನು ಹಾಲಿನ ಬೂತಿಗೆ ಹೋದೆ. ಮಗ ಮಾರ್ಕೆಟ್ಟಿನಲ್ಲಿದ್ದ. ಸೊಸೆ ನಲ್ಲಿಯ ಹತ್ತಿರ ಇದ್ದಳು. ಸೌಮ್ಯ ಚಾಪೆಯ ಮೇಲೆ ಕೂತು ಸಮಾಜ ಓದುತ್ತಿದ್ದಳು. ನಾನು ಎರಡು ಪ್ಯಾಕೆಟ್ಟು ಹಾಲು ಹಿಡಿದು ಬೀದಿ ತಿರುಗುವ ಹೊತ್ತಿಗೆ ಒಂದು ಸದ್ದು ಬಂತು. ಲಾರಿಯಿಂದ ಮರಳು ಸುರಿದ ಹಾಗೆ, ಅಷ್ಟೇ. ಮಣ್ಣು ಎತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ಅದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲಾರೆ.

ಪೊಲೀಸರು ಬಂದರು, ಕಾರ್ಪೊರೇಷನ್ನಿನವರು ಬಂದರು. ಸಬ್ ಇನ್ಸ್‌ಪೆಕ್ಟರ್ ಕೃಷ್ಣಸ್ವಾಮಿ ಎಂಬುವರು ನಮ್ಮನ್ನು ಕೂರಿಸಿಕೊಂಡು ಕೇಳಿದರು. “ಗೋಡೆ ಹೀಗಿದೆ ಅಂತ ಓನರ್‌ಗೆ ಯಾರಾದ್ರೂ ಹೇಳಿದ್ರಾಮ್ಮ?”

“ಯಾರೂ ಯೋಳಿರ್ನಿಲ್ಲ ಸ್ವಾಮಿ” ಎಂದೆ. ಅದು ನಿಜ.

ಮೇಡಂ ಅವರನ್ನು ಕೇಳಿದರು. “ನನಗೆ ತಿಳಿದಿರಲಿಲ್ಲ” ಎಂದರು. ಅದೂ ನಿಜ. ಇಬ್ಬರ ಮಾತೂ ಹೊಂದಿತು. ಅವರು ಬರೆದುಕೊಂಡು ಹೋದರು. ವಠಾರಕ್ಕೆ ಬೀಗ ಬಿತ್ತು. ಬನ್ನಿಮಂಟಪದ ಕಡೆ ಮಗ ಒಂದು ಮನೆ ಹಿಡಿದ. ಮಗುವಿನ ಕಾರ್ಯ ಅಲ್ಲೇ ಮಾಡಿದೆವು.

ಕಾರ್ಯವಾದ ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮೇಡಂ ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ಗುಲಾಬಿ ರಟ್ಟಿನ ಪುಸ್ತಕ. ಮಗ ಒಳಗೆ ಕರೆದ. ಕೂರಲಿಲ್ಲ.

“ಇದನ್ನ ನಿಮಗೆ ಕೊಡೋಣ ಅಂತ ತೆಗೆದೆ” ಎಂದರು. “ಕೊಡೋ ಮುಂಚೆ ಓದಿದೆ. ಇದರಲ್ಲಿ ನಾಲ್ಕನೇ ವಾಕ್ಯ ನೀವು ಕೇಳಬೇಕು.”

ಮೊದಲು ಇಂಗ್ಲಿಷಿನಲ್ಲಿ ಓದಿದರು. ಆಮೇಲೆ ಕನ್ನಡದಲ್ಲಿ ಹೇಳಿದರು. ‘ನಮ್ಮ ಮನೆಯ ಪಡುವಣ ಗೋಡೆಯನ್ನು ಹೋದ ವರ್ಷವೇ ರಿಪೇರಿ ಮಾಡಿಸಿದ್ದರೆ ನಾನು ಈಗ ಅದರ ಪಕ್ಕದಲ್ಲಿ ಮಲಗಲು ಹೆದರುತ್ತಿರಲಿಲ್ಲ.’

ಮಗ ಪುಸ್ತಕ ಈಸಿಕೊಂಡು ನೋಡಿದ. ಅವನಿಗೆ ಓದಲು ಬಾರದು. ಸೊಸೆ ಏಳನೆಯ ತರಗತಿಯವರೆಗೆ ಓದಿದವಳು, ಬಗ್ಗಿ ನೋಡಿ ಬೆರಳಿಟ್ಟು ಕೇಳಿದಳು. “ಇಲ್ಲಿ ಕೆಂಪಗೆ ಏನ್ ಬರ್ದಿದೀರ ಮಿಸ್?”

“ಹ್ಯಾವ್ ಹೊಡೆದು, ಗುಡ್ ಅಂತ.”

“ಓದ್ದೆ ಬರುದ್ಬುಟ್ರಾ?” ಎಂದ ಮಗ.

“ನೋಡಿದ್ದೆ ಲಿಂಗರಾಜು. ಓದಿರಲಿಲ್ಲ.”

ಮಗ ಪುಸ್ತಕವನ್ನು ಅವರ ಕಾಲ ಬಳಿ ಎಸೆದ. “ಓಗಿ. ನಮ್ಮನೆ ಬಾಗ್ಲಲ್ಲಿ ನಿಲ್ಬ್ಯಾಡಿ.” ಮೇಡಂ ಬಗ್ಗಿ ಪುಸ್ತಕ ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ಹೋದರು.

ನಾನು ಒಲೆಯ ಮುಂದೆ ಕೂತೇ ಇದ್ದೆ. ಹುಡುಗಿ ಆಣೆಯನ್ನು ಮುರಿಯಲಿಲ್ಲ ಎಂದು ನನಗೆ ಒಬ್ಬಳಿಗೇ ಗೊತ್ತಾಯಿತು. ಬಾಯಿ ಬಿಡಲಿಲ್ಲ, ಬರೆದಳು. ಅಂಗೈ ತಲೆಯ ಮೇಲಿಟ್ಟುಕೊಂಡದ್ದು, ಕ್ಯಾಲೆಂಡರು ಹಾಕಿದ್ದು ಎಲ್ಲ ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ. ಸೊಸೆ ನನ್ನ ಮುಖ ನೋಡುತ್ತಿದ್ದಾಳೆ ಎಂದು ಒಲೆ ಊದಿದೆ. ಅದು ಗ್ಯಾಸಿನ ಒಲೆ.

ಮರುದಿನ ಮೇಡಂ ಫೋನು ಮಾಡಿಸಿ, “ಸ್ಟೇಷನ್ನಿಗೆ ಹೋಗಬೇಕು, ನೀವು ಜೊತೆಗೆ ಬರ್ತೀರಾ?” ಎಂದರು. ಮಗನಿಗೆ ಹೇಳದೆ ಹೋದೆ. ಕೃಷ್ಣಸ್ವಾಮಿ ಎದ್ದು ನಿಂತು ಕುರ್ಚಿ ಕೊಟ್ಟರು. ಅವರ ಹೆಂಡತಿ ಮೇಡಂ ಹತ್ತಿರ ಓದಿದವರಂತೆ. ಮೇಡಂ ಪುಸ್ತಕ ಬಿಚ್ಚಿಟ್ಟು, “ನನಗೆ ತಿಳಿದಿರಲಿಲ್ಲ ಅಂತ ಬರೆಸಿದ್ದೆ. ಅದು ತಪ್ಪು. ನನಗೆ ಬರೆದು ತಿಳಿಸಿದ್ದರು. ಇದರ ಪ್ರಕಾರ ನನ್ನ ಮೇಲೆ ಏನು ಮಾಡಬೇಕೋ ಮಾಡಿ” ಎಂದರು.

ಅವರು ಓದಿದರು. ಪುಟ ತಿರುಗಿಸಿ ಹಿಂದೆ ಮುಂದೆ ನೋಡಿದರು. “ಮೇಡಂ, ಇದು ಹೋಂವರ್ಕು.”

“ಹೌದು.”

“ದೂರು ಅಂದ್ರೆ ಗೆ, ಇಂದ, ಮಾನ್ಯರೇ ಅಂತ ಇರಬೇಕು. ಸಹಿ ಬೇಕು. ಇಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ. ಯಾವ ವಿಳಾಸ, ಯಾರು ರಿಪೇರಿ ಮಾಡಿಸಬೇಕು, ಏನೂ ಇಲ್ಲ. ಮಕ್ಕಳು ಏನೇನೋ ಬರೀತಾವೆ.”

“ನನ್ನ ಮುಂದೆ ಇಟ್ಟ ಪುಸ್ತಕಕ್ಕೆ ನನ್ನ ಹೆಸರು ಯಾಕೆ ಬೇಕು ಕೃಷ್ಣಸ್ವಾಮಿ? ಅವಳಿಗೆ ಹೇಳೋಕೆ ಇದ್ದ ದಾರಿ ಇದೊಂದೇ.”

“ಅದೇನು ಮೇಡಂ, ದಿನಾ ನಿಮ್ಮನೆಗೆ ಬರೋ ಹುಡುಗಿ, ಬಾಯಲ್ಲಿ ಹೇಳಬಹುದಿತ್ತಲ್ಲ?” ಎಂದು ಅವರು ನನ್ನ ಕಡೆ ತಿರುಗಿದರು. “ಏನಮ್ಮ?”

ನಾನು ನೆಲ ನೋಡಿದೆ. “ಗೊತ್ತಿಲ್ಲ ಸ್ವಾಮಿ” ಎಂದೆ. ಅದು ಸುಳ್ಳು. ಪುಸ್ತಕವನ್ನು ಹಿಂದಕ್ಕೆ ಕೊಟ್ಟು ಕಾಫಿ ತರಿಸಿದರು. ಮೇಡಂ ಕುಡಿಯಲಿಲ್ಲ.

ಆ ಸಂಜೆಯೇ, ನಾನಿನ್ನೂ ಮೇಡಂ ಮನೆಯಲ್ಲಿದ್ದಾಗ, ಸುಂದರೇಶ ಬಂದು ಕೂಗಾಡಿದರು. “ಅತ್ತೆ, ಕಾನೂನೇ ನಿಮ್ಮನ್ನ ಬಿಟ್ಟಿರೋವಾಗ ನೀವಾಗೇ ಹೋಗಿ ಕೈ ಚಾಚಿ ಬೇಡಿ ಹಾಕಿ ಅಂತೀರಲ್ಲ, ತಲೆ ನೆಟ್ಟಗಿದೆಯಾ ನಿಮಗೆ? ಆ ಪುಸ್ತಕ ಸುಟ್ಟುಹಾಕಿ.”

“ಸುಟ್ಟರೆ ಓದಿದ ಹಾಗಾಗತ್ತಾ?” ಎಂದರು ಮೇಡಂ.

ಪಾಠ ನಿಂತಿತು. ತಾಯಂದಿರು ಬಂದು ಪರೀಕ್ಷೆ ಹತ್ತಿರ ಬಂತು ಎಂದು ಬೇಡಿಕೊಂಡರು. ನನ್ನಿಂದ ಆಗುವುದಿಲ್ಲ ಎಂದರು. ಬೀರುವಿನ ಮೇಲಿದ್ದ ಪುಸ್ತಕಗಳನ್ನೆಲ್ಲ ಇಳಿಸಿಕೊಂಡು, ರಟ್ಟಿನ ಪಟ್ಟಿ ಇಲ್ಲದೆ, ಒಂದೊಂದೇ ವಾಕ್ಯ ಓದಲು ಕೂತರು. ನಾನು ಬನ್ನಿಮಂಟಪದಿಂದ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು ಪಾತ್ರೆ ತೊಳೆದು ಹೋಗುತ್ತಿದ್ದೆ. ಮಗ, “ಆ ಯಮ್ಮನ ಎಂಜಲು ಇನ್ನೂ ತೊಳೀತೀಯಲ್ಲವ್ವ, ನಿಂಗೆ ಕರುಳು ಅನ್ನೋದು ಇಲ್ವಾ?” ಎಂದು ಮಾತು ಬಿಟ್ಟ. ಯಾಕೆ ಹೋಗುತ್ತೇನೆ ಎಂದು ಅವನಿಗೂ ಹೇಳಲಿಲ್ಲ.

ಓದುವುದು ಒಂದು ತಿಂಗಳು ನಡೆಯಿತು. ಯಾವುದಾದರೂ ವಾಕ್ಯದಲ್ಲಿ ಸಂಕಟದ ವಾಸನೆ ಬಂದರೆ ಮೇಡಂ ಚೀಟಿಯಲ್ಲಿ ಹೆಸರು ಬರೆದುಕೊಂಡು ಆ ಮನೆಗೆ ಹೋಗಿಬರುವರು. ಮೊಣಕಾಲು ನೋವು, ನನ್ನನ್ನು ಊರುಗೋಲಿನಂತೆ ಜೊತೆಗೆ ಕರೆಯುವರು. ಏಳು ಮನೆಗೆ ಹೋದೆವು. ಒಂದರಲ್ಲಿ ಬಾಗಿಲು ತೆಗೆಯಲಿಲ್ಲ. ಸುಪ್ರೀತ್, ‘ನಮ್ಮಪ್ಪ ಹೆಲ್ಮೆಟ್ ಹಾಕಿದ್ದಿದ್ದರೆ ಈಗ ತಲೆಯಲ್ಲಿ ಹನ್ನೆರಡು ಹೊಲಿಗೆ ಇರುತ್ತಿರಲಿಲ್ಲ’ ಎಂದು ಬರೆದಿದ್ದ. ಹೋಗಿ ನೋಡಿದರೆ ಅವರಪ್ಪ ಕನ್ನಡಿ ಮುಂದೆ ದಟ್ಟ ಕೂದಲು ಬಾಚುತ್ತಾ ನಿಂತಿದ್ದರು.

“ಸುಮ್ನೆ ಬರ್ದೆ ಮಿಸ್” ಎಂದ ಹುಡುಗ ತಲೆ ಕೆರೆದುಕೊಂಡು. “ಐದು ಬೇಕಿತ್ತಲ್ಲ. ನಾಲ್ಕೇ ಹೊಳೀತು.”

“ಎಲ್ರೂ ಸುಮ್ನೆ ಬರೀತಿದ್ರಾ?”

“ಹೂಂ ಮಿಸ್. ನೀವು ಗೈಡ್ ಬೇಡ ಅಂದ್ರಲ್ಲ.”

ವಾಪಸು ಬರುವಾಗ ಮೇಡಂ ಬನ್ನಿಮರದ ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟುಕೊಂಡು ಹೇಳಿದರು. “ಓದಿದ್ದಿದ್ದರೂ ಇದೂ ಸುಮ್ಮನೆ ಬರೆದದ್ದು ಅಂದುಕೊಳ್ತಿದ್ದೆನೋ ಏನೋ ಮಾದೇವಮ್ಮ. ಅಂದುಕೊಂಡು ಗುಡ್ ಅಂತಲೇ ಬರೀತಿದ್ದೆನೋ.” ಮೊಣಕಾಲು ನೀವಿಕೊಳ್ಳುತ್ತಾ, “ಹಾಗಂತ ಹೇಳಿಕೊಂಡು ನಿದ್ದೆ ಮಾಡೋಕೆ ನೋಡಿದೆ. ಬರೋದಿಲ್ಲ” ಎಂದರು.

ಆಗಲೂ ಹೇಳಬಹುದಿತ್ತು. ಕಟ್ಟೆಯ ಮೇಲೆ ನಾವಿಬ್ಬರೇ ಇದ್ದೆವು. ನಾನು ಅವರ ಚಪ್ಪಲಿಗೆ ಮೆತ್ತಿದ ಕೆಸರನ್ನು ಕಡ್ಡಿಯಲ್ಲಿ ಕೆರೆದೆ.

ಹೀಗೆ ಒಂದೂವರೆ ವರ್ಷ. ಮೇಡಂ ಊಟ ಕಡಿಮೆ ಮಾಡಿದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಮಾತ್ರೆ ಬಿಟ್ಟರು ಎಂದು ಆಮೇಲೆ ಗೊತ್ತಾಯಿತು. ಕಿಡ್ನಿ ಕೆಟ್ಟಿತು. ಇಪ್ಪತ್ತನಾಲ್ಕನೆಯ ಇಸವಿ ಏಪ್ರಿಲ್‌ನಲ್ಲಿ ಆಸ್ಪತ್ರೆಗೆ ಸೇರಿಸಿದರು. ಸುಂದರೇಶರೇ ನನಗೆ ಫೋನು ಮಾಡಿದರು. “ನಿಮ್ಮನ್ನೇ ಕೇಳ್ತಿದ್ದಾರೆ ಬನ್ನಿ. ಯಾಕೋ ನಮ್ಮ ಹತ್ರ ಮಾತೇ ಇಲ್ಲ” ಎಂದರು. ಅತ್ತೆಯ ಮೇಲೆ ಅವರಿಗೆ ಪ್ರೀತಿ ಇಲ್ಲದೆ ಇರಲಿಲ್ಲ.

ಬೆಳಿಗ್ಗೆ ಹನ್ನೊಂದು ಗಂಟೆ. ಕಿಟಕಿ ಪಕ್ಕದ ಮಂಚ. ಮೇಡಂ ಮುಖ ಊದಿತ್ತು, ಕೈ ಮಾತ್ರ ಕಡ್ಡಿಯಂತಾಗಿತ್ತು. ನರ್ಸು ತಲೆ ಬಾಚಿ ಎರಡು ಜಡೆ ಹಾಕಿದ್ದಳು. ಹಾಗೆ ಅವರನ್ನು ನಾನು ನೋಡಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತೆ. ಒಂದು ಚಮಚ ನೀರು ಕೇಳಿದರು, ಕೊಟ್ಟೆ. ಸುಂದರೇಶ ಔಷಧ ತರಲು ಕೆಳಗೆ ಹೋದರು.

ಮೇಡಂ ನನ್ನ ಕೈ ಹುಡುಕಿ ಹಿಡಿದುಕೊಂಡರು. ಮಾತು ನಿಧಾನವಾಗಿ ಬಂತು, ಆದರೆ ಒಂದು ಪದವೂ ತಪ್ಪಿರಲಿಲ್ಲ.

“ಬೇರೆಯವರನ್ನ ಕೇಳೋಕೆ ನನಗೆ ಮನಸ್ಸಿಲ್ಲ ಮಾದೇವಮ್ಮ. ನೀವು ಅವಳನ್ನ ಸಾಕಿದೋರು, ನಿಮಗೆ ಗೊತ್ತಿರತ್ತೆ. ಹತ್ತು ವರ್ಷ ನನ್ನ ಮುಂದೆ ಕೂತಳು. ಬರೀ ಎರಡು ಮಾರು ದೂರ. ನಾನು ಅಷ್ಟೊಂದು ಗದರಿಸ್ತಿದ್ದೆನಾ? ನನ್ನ ಕಂಡರೆ ಅಷ್ಟು ಭಯ ಇತ್ತಾ ಅವಳಿಗೆ? ಒಂದು ದಿನ ಬಾಯಿ ಬಿಟ್ಟು, ಮಿಸ್, ಗೋಡೆ ಬೀಳೋ ಹಾಗಿದೆ ಅಂತ ಯಾಕೆ ಹೇಳಲಿಲ್ಲ?”